ತಿಂಡಿ ಮೇಜಿನ ಕನ್ನಡ

(ಪದವಿ ಪ್ರದಾನ ಸಮಾರಂಭದಲ್ಲಿ ಪೋಷಕರೊಬ್ಬರು ಆಡಿದ ಮಾತುಗಳು)



ನನ್ನ ಹೆಸರು ಇಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. "ತಿಂಡಿ ಆಂಟಿ" ಅಂದರೆ ಗೊತ್ತು. ಏಳು ವರ್ಷದಿಂದ ಭಾನುವಾರ ಬೆಳಿಗ್ಗೆ ಆ ಮೂಲೆಯ ಮೇಜಿನ ಹಿಂದೆ ನಿಂತು ಕಾಗದದ ತಟ್ಟೆ ಹಂಚಿದವಳು ನಾನು. ಮಗಳು ಈ ವರ್ಷ ಪದವಿ ಪಡೆಯುತ್ತಿದ್ದಾಳೆ, ಅವಳ ಜೊತೆ ನನಗೂ ಬಿಡುಗಡೆ. ಹೋಗುವ ಮೊದಲು ಹತ್ತು ನಿಮಿಷ ಮಾತಾಡಿ ಅಂದರು. ಭಾಷೆ, ಸಂಸ್ಕೃತಿ ಅಂತ ದೊಡ್ಡ ಮಾತು ಆಡಲು ನನಗೆ ಬರುವುದಿಲ್ಲ. ಗೊತ್ತಿರುವುದು ಬೇಳೆ, ಕಾಯಿ, ಕಾವಲಿ, ಎಲ್ಲಿ ಯಾವುದು ಅಗ್ಗ ಅನ್ನುವುದು. ಅದನ್ನೇ ಹೇಳುತ್ತೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಶಾಲೆಯಲ್ಲಿ ಎರಡು ವರ್ಷ ಪಿಜ್ಜಾ ಬಂತಲ್ಲ, ಅದಕ್ಕೆ ಮೊದಲು ಕೈ ಎತ್ತಿದವಳು ನಾನೇ.

ಹಳಬರಿಗೆ ನೆನಪಿರಬಹುದು. ಆಗ ಹತ್ತೂವರೆಯ ವಿರಾಮಕ್ಕೆ ಚಿತ್ರಾನ್ನ, ಉಪ್ಪಿಟ್ಟು, ಮೊಸರನ್ನ, ಅವಲಕ್ಕಿ ಬರುತ್ತಿತ್ತು. ದೊಡ್ಡವರು ಚಿಕ್ಕವರು ಸೇರಿ ಸುಮಾರು 60 ತಟ್ಟೆ. ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿರುತ್ತಿದ್ದೆವು, ಯಾರು ಯಾವ ವಾರ ಅಂತ. ಪಟ್ಟಿಯಲ್ಲಿ ಸಾಲು ಎಷ್ಟೇ ಇರಲಿ, ಹೆಸರು ಮಾತ್ರ ಆರೇ. ಆರೂ ತಾಯಂದಿರೇ. ಒಂದು ಜನವರಿಯಲ್ಲಿ ನನ್ನ ಸರದಿ, ಇಡ್ಲಿ ಅಂತ ಬರೆದುಬಿಟ್ಟಿದ್ದೆ. ಷಿಕಾಗೊದ ಜನವರಿಯಲ್ಲಿ ಹಿಟ್ಟು ತಾನಾಗಿ ಹುಳಿ ಬರುವುದಿಲ್ಲ. ಓವನ್ ಒಳಗಿನ ದೀಪ ಹಚ್ಚಿ, ಓವನ್ ಮಾತ್ರ ಹಚ್ಚದೆ, ರಾತ್ರಿಯೆಲ್ಲ ಪಾತ್ರೆಯನ್ನು ಅದರೊಳಗೆ ಇಡಬೇಕು. ಇಟ್ಟಿದ್ದೆ. ಮಧ್ಯರಾತ್ರಿ ಯಾರೋ ನೀರು ಕುಡಿಯಲು ಬಂದವರು "ದೀಪ ಸುಮ್ಮನೆ ಉರಿಯುತ್ತಿದೆ" ಅಂತ ಆರಿಸಿ ಪುಣ್ಯ ಕಟ್ಟಿಕೊಂಡರು. ಯಾರು ಅಂತ ಹೇಳುವುದಿಲ್ಲ, ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಹಿಟ್ಟು ಹಾಕಿದ ಹಾಗೇ ಇದೆ. ಹೊರಗೆ ಒಂದು ಅಡಿ ಹಿಮ. ಅವತ್ತು ಪೋಷಕರ ಸಭೆ ಇತ್ತು. "ಇನ್ನು ಮೇಲೆ ಪಿಜ್ಜಾ ತರಿಸೋಣ" ಅಂದೆ. ಎರಡು ನಿಮಿಷದಲ್ಲಿ ತೀರ್ಮಾನ ಆಯಿತು. ಪಟ್ಟಿಯಲ್ಲಿ ಒಮ್ಮೆಯೂ ಹೆಸರು ಬರೆಯದವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಮುಂದೆ ನಾನು ಹೇಳುವುದನ್ನು ಕೇಳಿ ಯಾವ ತಾಯಿಗೂ "ಅಯ್ಯೋ, ನಾನು ಮನೆಯಲ್ಲಿ ಮಾಡುತ್ತಿಲ್ಲವಲ್ಲ" ಅನ್ನಿಸಬಾರದು. ವಾರವೆಲ್ಲ ಆಫೀಸು, ಶನಿವಾರ ಈಜು, ಪಿಯಾನೊ, ಗಣಿತ, ಭಾನುವಾರ ಕನ್ನಡ. ಫ್ರೋಜನ್ ಪರೋಟ ಬಿಸಿ ಮಾಡಿಕೊಟ್ಟ ತಾಯಿ ಏನೂ ತಪ್ಪು ಮಾಡಿಲ್ಲ. ಪಿಜ್ಜಾ ತಿಂದ ಮಕ್ಕಳು ಚೆನ್ನಾಗೇ ಇದ್ದರು. ಒಂದು ವಾರಕ್ಕೆ 150 ಡಾಲರಿನ ಹತ್ತಿರ ಆಗುತ್ತಿತ್ತು ಅನ್ನುವುದು ಬಿಟ್ಟರೆ ಯಾರಿಗೂ ದೂರಿರಲಿಲ್ಲ.

ಬದಲಾದದ್ದು ಒಂದು ಪಾಠದಿಂದ. ದೊಡ್ಡ ಮಕ್ಕಳ ತರಗತಿಯಲ್ಲಿ ಟೀಚರ್ ಅಡುಗೆಮನೆಯ ಚಿತ್ರಪಟ ತೂಗುಹಾಕಿದ್ದರು. ಒರಳು, ಒನಕೆ, ಬೀಸುವ ಕಲ್ಲು, ಮೊರ, ಜರಡಿ. ಮಕ್ಕಳು ಎಲ್ಲವನ್ನೂ ಬಾಯಿಪಾಠ ಮಾಡಿ ಹೇಳಿದರು, ಪರೀಕ್ಷೆಯಲ್ಲಿ ಬರೆದರು, ಪೂರ್ತಿ ಅಂಕ. ಆಮೇಲೆ ಒಬ್ಬ ಹುಡುಗ ಟೀಚರನ್ನು ಕೇಳಿದನಂತೆ: "ಮಿಸ್, ಈ ವರ್ಡ್ಸ್ ಎಲ್ಲಿ ಯೂಸ್ ಮಾಡಬೇಕು?" ಟೀಚರ್ ವಿರಾಮದಲ್ಲಿ ನನ್ನ ಮೇಜಿನ ಹತ್ತಿರ ಬಂದು, ಪಿಜ್ಜಾ ಡಬ್ಬಿಗಳನ್ನು ನೋಡುತ್ತ, ಬೇಸರವಿಲ್ಲದೆ ಈ ಮಾತು ಹೇಳಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹುಡುಗ ಕೇಳಿದ್ದರಲ್ಲಿ ಉಡಾಫೆ ಇರಲಿಲ್ಲ, ನ್ಯಾಯವಾದ ಪ್ರಶ್ನೆ. ವಾರಕ್ಕೆ ಎರಡು ಗಂಟೆ ಕನ್ನಡ ಕಲಿಸುತ್ತೇವೆ, ಅದನ್ನು ಬಳಸುವ ಜಾಗ ಮಾತ್ರ ಕೊಟ್ಟಿಲ್ಲ. ನನ್ನ ಮನೆಯಲ್ಲೂ ಅಷ್ಟೆ. ಅಡುಗೆ ಮಾಡುವಾಗ ಮಗಳು ಬಂದರೆ "ನೀನು ಹೋಗು, ಹೋಂವರ್ಕ್ ಮಾಡು, ನಾನು ಬೇಗ ಮುಗಿಸ್ತೀನಿ" ಅನ್ನುತ್ತಿದ್ದೆ. ಕನ್ನಡ ಇದ್ದದ್ದೇ ಆ ಅಡುಗೆಮನೆಯಲ್ಲಿ. ಅಲ್ಲಿಂದ ಅವಳನ್ನು ಓಡಿಸಿ ಕನ್ನಡ ಕಲಿಯಲು 25 ಮೈಲಿ ಕಾರಿನಲ್ಲಿ ಕರೆತರುತ್ತಿದ್ದೆ.

ಹಾಗೆ ಶುರುವಾಯಿತು ನಮ್ಮ ತಿಂಗಳ ತಿಂಡಿ. ತಿಂಗಳಿಗೆ ಒಂದು ಭಾನುವಾರ ದೊಡ್ಡ ತರಗತಿಯ ಮಕ್ಕಳೇ ಎಲ್ಲರಿಗೂ ತಿಂಡಿ ಮಾಡಬೇಕು. ಕೈಗೆ 40 ಡಾಲರ್. ಸಾಮಾನಿನ ಪಟ್ಟಿ ಕನ್ನಡದಲ್ಲಿ ಬರೆಯಬೇಕು. ಅಂಗಡಿಗೆ ಅಪ್ಪಂದಿರು ಕರೆದುಕೊಂಡು ಹೋಗಬೇಕು, ಆದರೆ ಅಂಗಡಿಯೊಳಗೆ ಬಾಯಿ ಬಿಡಬಾರದು. ಪಾತ್ರೆ ತೊಳೆಯುವುದೂ ಅಪ್ಪಂದಿರದೇ. ಕಡಲೆಕಾಯಿ ಬೀಜ, ಗೋಡಂಬಿ ಬೇಡ, ಅಲರ್ಜಿ ಇರುವ ಮಕ್ಕಳಿದ್ದಾರೆ. ಶಾಲೆಯಲ್ಲಿ ಒಲೆ ಹಚ್ಚುವಂತಿಲ್ಲ, ಆದ್ದರಿಂದ ಒಲೆ ಬೇಕಾದ ಕೆಲಸ ಶನಿವಾರ ಯಾರದಾದರೂ ಮನೆಯಲ್ಲಿ.

ಮೊದಲ ತಿಂಗಳು ಹೆಸರುಬೇಳೆ ಕೋಸಂಬರಿ ಅಂತ ಆಯಿತು. ಒಲೆಯೇ ಬೇಡ, ಒಂದು ಒಗ್ಗರಣೆ ಬಿಟ್ಟರೆ. ಲೆಕ್ಕ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ: 60 ಜನಕ್ಕೆ 3 ಪೌಂಡ್ ಬೇಳೆ, 10 ಸೌತೆಕಾಯಿ, ಫ್ರೋಜನ್ ಕಾಯಿತುರಿ 2 ಪೊಟ್ಟಣ, 8 ನಿಂಬೆಹಣ್ಣು, ಕೊತ್ತಂಬರಿ ಸೊಪ್ಪು 3 ಕಟ್ಟು, ಹಸಿಮೆಣಸಿನಕಾಯಿ ಮಕ್ಕಳ ಧೈರ್ಯಕ್ಕೆ ತಕ್ಕಷ್ಟು. ಎಲ್ಲ ಸೇರಿ 25 ಡಾಲರ್ ದಾಟಲಿಲ್ಲ.

ಅವತ್ತು ನಾನು ಒಬ್ಬ ಹುಡುಗಿಗೆ "ಸೌತೆಕಾಯಿ ಹೆಚ್ಚು" ಅಂದೆ. ಅವಳು ತಲೆಯಾಡಿಸಿ ಹೋಗಿ ಇನ್ನೂ ನಾಲ್ಕು ಸೌತೆಕಾಯಿ ತಂದಿಟ್ಟಳು. "ಹೆಚ್ಚು ಅಂದ್ರಲ್ಲಾ ಆಂಟಿ, ಮೋರ್." ನಾನು ನಕ್ಕುಬಿಟ್ಟೆ, ಆಮೇಲೆ ಯೋಚಿಸಿದರೆ ಅವಳ ತಪ್ಪೇನಿದೆ? ಪುಸ್ತಕದಲ್ಲಿ "ಹೆಚ್ಚು, ಕಡಿಮೆ" ಅಂತ ಕಲಿಸಿದ್ದೇವೆ. ಚಾಕು ಹಿಡಿದು ಹೆಚ್ಚುವುದನ್ನು ಯಾರೂ ಕಲಿಸಿಲ್ಲ. ಇನ್ನೊಬ್ಬ ಮನೆಗೆ ಹೋಗಿ ಅಮ್ಮನಿಗೆ "ಆಂಟಿ ಬೇಳೆ ನೆನೆಸಬೇಕು ಅಂದ್ರು, ಅದನ್ನ ಯಾಕೆ ನೆನೆಸ್ಕೋಬೇಕು, ಅದು ಸತ್ತುಹೋಗಿದೆಯಾ?" ಅಂತ ಕೇಳಿದ್ದನಂತೆ. ಅವನಿಗೆ "ನೆನೆ" ಅಂದರೆ ಪ್ರಾರ್ಥನೆಯಲ್ಲಿ ಬರುವ ನೆನೆ ಮಾತ್ರ ಗೊತ್ತು. ಮಳೆಯಲ್ಲಿ ನೆನೆಯುವುದು ಗೊತ್ತಿಲ್ಲ, ಬೇಳೆ ನೆನೆಯುವುದು ಮೊದಲೇ ಗೊತ್ತಿಲ್ಲ. ಮಳೆ ಬಂದರೆ ನಾವು ಕಾರಿನಿಂದ ಗ್ಯಾರೇಜಿಗೆ ಇಳಿಯುವವರು.

ಆಗ ನನಗೆ ಹೊಳೆದದ್ದು ಇದು. ನಮ್ಮ ಮಕ್ಕಳಿಗೆ ವಸ್ತುಗಳ ಹೆಸರು ಸುಮಾರಾಗಿ ಬರುತ್ತದೆ. ಬೇಳೆ, ಅಕ್ಕಿ, ಉಪ್ಪು, ಸಕ್ಕರೆ. ಬರದೇ ಇರುವುದು ಕೆಲಸಗಳ ಹೆಸರು. ನಮ್ಮ ತಾಯಂದಿರು ಒಂದು ಬೆಳಿಗ್ಗೆಯಲ್ಲಿ ಎಷ್ಟು ಮಾತು ಬಳಸುತ್ತಿದ್ದರು ನೋಡಿ. ರಾಗಿಯನ್ನು ಬೀಸುವುದು, ಅಕ್ಕಿ ಉದ್ದನ್ನು ರುಬ್ಬುವುದು, ಚಟ್ನಿ ಅರೆಯುವುದು, ಮೆಣಸಿನಪುಡಿ ಕುಟ್ಟುವುದು, ಏಲಕ್ಕಿ ಜಜ್ಜುವುದು. ಈ ಐದು ಕೆಲಸಕ್ಕೂ ನಮ್ಮ ಮನೆಯಲ್ಲಿ ಈಗ ಒಂದೇ ಮಾತು, "ಮಿಕ್ಸಿಗೆ ಹಾಕು". ಕಲ್ಲು ಹೋದ ಮೇಲೆ ಮಾತೂ ಹೋಯಿತು. ನಾವು ಕೂತಿರುವ ಈ ಲೆಮಾಂಟ್ ಕಲ್ಲುಗಣಿಯ ಊರು. ಷಿಕಾಗೊ ಪೇಟೆಯಲ್ಲಿ 1869ರಲ್ಲಿ ಕಟ್ಟಿದ ವಾಟರ್ ಟವರ್, ಎರಡು ವರ್ಷದ ನಂತರ ಬಂದ ಆ ದೊಡ್ಡ ಬೆಂಕಿಗೂ ಉಳಿಯಿತಲ್ಲ, ಅದಕ್ಕೆ ಹೋದದ್ದು ಇಲ್ಲಿನ ಹಳದಿ ಸುಣ್ಣದಕಲ್ಲು. ಇಷ್ಟು ಕಲ್ಲಿನ ಮಧ್ಯೆ ಒಂದು ರುಬ್ಬುವ ಕಲ್ಲಿಲ್ಲ ನೋಡಿ ಅಂತ ನಾನು ತಮಾಷೆ ಮಾಡುವುದುಂಟು. ಯಾರೂ ಕಲ್ಲಿಗೆ ವಾಪಸ್ ಹೋಗಬೇಕಾಗಿಲ್ಲ. ನಾನಂತೂ ಹೋಗುವುದಿಲ್ಲ, ನನ್ನ ಬೆನ್ನು ಒಪ್ಪುವುದಿಲ್ಲ. ಮಿಕ್ಸಿಗೇ ಹಾಕಿ, ಬಾಯಲ್ಲಿ "ಚಟ್ನಿ ಅರಿ, ಹಿಟ್ಟು ರುಬ್ಬು, ಪುಡಿ ಕುಟ್ಟು" ಅಂದರೆ ಅದಕ್ಕೆ ಕರೆಂಟು ಜಾಸ್ತಿ ಖರ್ಚಾಗುವುದಿಲ್ಲ. ಹುರಿಯುವುದು ಬೇರೆ, ಕರಿಯುವುದು ಬೇರೆ, ಬಾಡಿಸುವುದು ಬೇರೆ. ಈ ಮೂರನ್ನೂ ನಮ್ಮ ಮಕ್ಕಳು "ಫ್ರೈ" ಅನ್ನುತ್ತಾರೆ, ಆಮೇಲೆ ರವೆ "ಫ್ರೈ" ಮಾಡು ಅಂದಾಗ ಎಣ್ಣೆ ಎಷ್ಟು ಹಾಕಲಿ ಅಂತ ಕೇಳುತ್ತಾರೆ.

ಇನ್ನು "ಹದ". ಇದನ್ನು ವಿವರಿಸಲು ಹೋಗಿ ನಾನು ಸೋತೆ. ಒಬ್ಬಳು ಕೇಳಿದಳು, "ಹದ ಎಷ್ಟು ಔನ್ಸ್ ಆಂಟಿ?" ನಾನು ಹಿಟ್ಟು ಅವಳ ಕೈಗೆ ಕೊಟ್ಟೆ.

ಈಗ ಅಂಗಡಿಯ ವಿಷಯಕ್ಕೆ ಬರುತ್ತೇನೆ, ಅದು ನನ್ನ ನಿಜವಾದ ಕ್ಷೇತ್ರ. 1974ರಲ್ಲಿ ಡೆವಾನ್ ಅವೆನ್ಯೂನಲ್ಲಿ ಪಟೇಲ್ ಬ್ರದರ್ಸ್ ಮೊದಲ ಅಂಗಡಿ ತೆರೆಯಿತು. ಆಮೇಲೆಯೂ ಎಷ್ಟೋ ವರ್ಷ ಇಲ್ಲಿನ ನಮ್ಮವರಿಗೆ ತಿಂಗಳ ಸಾಮಾನು ಅಂದರೆ ಡೆವಾನ್ ಯಾತ್ರೆ. ಹಿರಿಯರು ಹೇಳುತ್ತಾರೆ, ರವೆ ಮುಗಿದರೆ ಪಕ್ಕದ ಅಂಗಡಿಯ ಕ್ರೀಮ್ ಆಫ್ ವೀಟ್ ತಂದು ಉಪ್ಪಿಟ್ಟು ಮಾಡುತ್ತಿದ್ದರಂತೆ. ಅದೂ ಗೋಧಿಯದೇ, ಸಣ್ಣ ರವೆಯ ಹಾಗೆ, ನೀರು ಸ್ವಲ್ಪ ಹೆಚ್ಚಾದರೆ ಅಂಟು. ಉತ್ತರ ಡಕೋಟದ ಗ್ರಾಂಡ್ ಫೋರ್ಕ್ಸ್‌ನಲ್ಲಿ ಅದು ಹುಟ್ಟಿದ್ದು 1893ರಲ್ಲಿ, ವಿವೇಕಾನಂದರು ಷಿಕಾಗೊಗೆ ಬಂದ ವರ್ಷ. ಎರಡಕ್ಕೂ ಸಂಬಂಧವಿಲ್ಲ, ಆದರೆ ನನಗೆ ಉಪ್ಪಿಟ್ಟು ತಿರುವುವಾಗ ನೆನಪಾಗುತ್ತದೆ. ಈಗ ನೇಪರ್‌ವಿಲ್, ಶಾಂಬರ್ಗ್ ಎಲ್ಲ ಕಡೆ ನಮ್ಮ ಸಾಮಾನು ಸಿಗುತ್ತದೆ. ಬನ್ಸಿ ರವೆ, ಚಿರೋಟಿ ರವೆ, ಹುರಿಗಡಲೆ, ಇಂಗು. ಸಿಗುತ್ತದೆ ಅನ್ನುವ ಕಾರಣಕ್ಕೇ ನಾವು ಬೆಲೆ ನೋಡುವುದನ್ನು ಬಿಟ್ಟಿದ್ದೇವೆ.

ಮಕ್ಕಳಿಗೆ ನಾನು ಹೇಳಿಕೊಟ್ಟದ್ದು, ಚೀಟಿಯ ಮೇಲಿನ ದೊಡ್ಡ ಅಂಕಿ ನೋಡಬೇಡಿ, ಪೌಂಡಿಗೆ ಎಷ್ಟು ಬಿತ್ತು ಲೆಕ್ಕ ಹಾಕಿ. ಪೌಂಡಿಗೆ 16 ಔನ್ಸ್, ಗ್ರಾಮಿನಲ್ಲಿ 454. ದೊಡ್ಡ ಚೀಲ ಯಾವಾಗಲೂ ಅಗ್ಗ ಅಂತ ಇಲ್ಲ. ಒಂದು ಸಲ ನಾಲ್ಕು ಪೌಂಡಿನ ಹೆಸರುಬೇಳೆಗಿಂತ ಎರಡು ಪೌಂಡಿನ ಎರಡು ಚೀಲವೇ ಕಡಿಮೆಗೆ ಬಂದಿತ್ತು, ಅದನ್ನು ಹಿಡಿದವನು ಗಣಿತದಲ್ಲಿ ಹಿಂದಿದ್ದಾನೆ ಅಂತ ಅವರಮ್ಮ ಕೊರಗುತ್ತಿದ್ದ ಹುಡುಗ. ಜೀರಿಗೆ, ಮೆಣಸು, ಅರಿಸಿನವನ್ನು ದೊಡ್ಡ ಸೂಪರ್ ಮಾರ್ಕೆಟ್ಟಿನ ಗಾಜಿನ ಸೀಸೆಯಲ್ಲಿ ಕೊಳ್ಳಬೇಡಿ, ಅಲ್ಲಿ ಸೀಸೆಗೂ ದುಡ್ಡು ಕೊಡುತ್ತೀರಿ. ಆದರೆ ಪುಡಿಗಳನ್ನು ಅಗ್ಗ ಅಂತ ವರ್ಷಕ್ಕಾಗುವಷ್ಟು ತರಬೇಡಿ. ಘಮ ಹೋದ ಧನಿಯಾಪುಡಿ ಎಷ್ಟು ಕಡಿಮೆಗೆ ಸಿಕ್ಕರೂ ದುಬಾರಿಯೇ.

ಒಂದು ಶನಿವಾರ ನಮ್ಮ ತಂಡ ಸಾಗು ಮಾಡಬೇಕಿತ್ತು, ಸೀಮೆಬದನೆಕಾಯಿ ಬೇಕು. ಭಾರತೀಯ ಅಂಗಡಿಯಲ್ಲಿ ಇದ್ದವು ನಾಲ್ಕು, ಮುಖ ಬಾಡಿದವು. ನಾನು ಅವರನ್ನು ಒಂದು ಮೆಕ್ಸಿಕನ್ ಅಂಗಡಿಗೆ ಕರೆದುಕೊಂಡು ಹೋದೆ. ಗೊತ್ತಿಲ್ಲದವರು ಗಮನಿಸಿ, ನಮ್ಮ ಅಡುಗೆಗೆ ಅದರಂಥ ಅಂಗಡಿ ಇಲ್ಲ. ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ನಿಂಬೆ, ಬಾಳೆಕಾಯಿ, ಹುಣಸೆಹಣ್ಣು, ತೆಂಗಿನಕಾಯಿ ಎಲ್ಲ ತಾಜಾ, ಅಗ್ಗ. ಗುವಾಹಿಯೊ ಅಂತ ಒಂದು ಒಣಮೆಣಸಿನಕಾಯಿ ಇದೆ, ಬಣ್ಣ ಜಾಸ್ತಿ, ಖಾರ ಕಡಿಮೆ, ನಮ್ಮ ಹಾವೇರಿ ಕಡೆಯ ಬ್ಯಾಡಗಿ ಮುಗಿದ ದಿನ ಹುಳಿಪುಡಿಗೆ ಹಾಕಿ ನೋಡಿ. ಸೀಮೆಬದನೆ ಅಲ್ಲಿ ರಾಶಿ ರಾಶಿ, ಚಯೋಟೆ ಅಂತ ಚೀಟಿ.

ಮಗಳು ಕೇಳಿದಳು, "ಅಮ್ಮ, ಸೀಮೆ ಅಂದ್ರೆ ಏನು?" ಹೊರದೇಶದ್ದು ಅಂತ ಅರ್ಥ, ಹೊರಗಿನಿಂದ ಬಂದದ್ದಕ್ಕೆಲ್ಲ ನಮ್ಮವರು ಸೀಮೆ ಅಂತ ಸೇರಿಸಿದರು, ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಅಂದೆ. ಈ ಕಾಯಿಯ ಮೂಲ ಮೆಕ್ಸಿಕೊ ಕಡೆ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ ಎಲ್ಲ ಈ ಖಂಡಗಳಿಂದಲೇ ಹಡಗು ಹತ್ತಿ ನಮ್ಮ ಕಡೆ ಬಂದವು ಅಂತಲೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಕಾಯಿ ತಿರುಗಿಸಿ ನೋಡಿ, "ಹಾಗಾದ್ರೆ ಇಲ್ಲಿ ಇದು ಬರೀ ಬದನೆಕಾಯಿ. ನಾವು ಸೀಮೆಯವರು" ಅಂದಳು. ಹದಿನೈದು ವರ್ಷ ಇಲ್ಲಿ ಹುಟ್ಟಿ ಬೆಳೆದವಳು. ನಾನು ಏನೂ ಹೇಳಲಿಲ್ಲ. ತಮಾಷೆಗೆ ಅಂದಳೋ, ಸ್ಕೂಲಿನಲ್ಲಿ ಏನಾದರೂ ಆಗಿತ್ತೋ, ಇವತ್ತಿಗೂ ಕೇಳಿಲ್ಲ. ಆದರೆ ಅಂಥದೊಂದು ಮಾತನ್ನು ಅವಳು ನನಗೆ ಕನ್ನಡದಲ್ಲಿ ಹೇಳಿದ್ದು ಅದೇ ಮೊದಲು.

ಅದೇ ಅಂಗಡಿಯಲ್ಲಿ ಇನ್ನೊಂದಾಯಿತು. ಗಲ್ಲಾದ ಹತ್ತಿರ ನಿಂತಿದ್ದ ವಯಸ್ಸಾದ ಹೆಂಗಸು, ಇಷ್ಟೊಂದು ಮಕ್ಕಳು ಸೇರಿ ಕಾಯಿ ಆರಿಸುವುದನ್ನು ನೋಡುತ್ತಿದ್ದರು. ಲೆಕ್ಕ ಆದಮೇಲೆ ಚೀಲಕ್ಕೆ ಎರಡು ನಿಂಬೆಹಣ್ಣು ಹಾಕಿ ಸ್ಪ್ಯಾನಿಷಿನಲ್ಲಿ ಏನೋ ಅಂದರು. ಸ್ಕೂಲಿನಲ್ಲಿ ಸ್ಪ್ಯಾನಿಷ್ ಓದುವ ನಮ್ಮ ಮಕ್ಕಳು ಅವರ ಜೊತೆ ಮಾತಾಡಿ ಬಂದು ಹೇಳಿದರು, ಅದಕ್ಕೆ ಪಿಲೋನ್ ಅನ್ನುತ್ತಾರಂತೆ, ಕೊಂಡವರಿಗೆ ಮೇಲೆ ಸ್ವಲ್ಪ ಸುಮ್ಮನೆ ಕೊಡುವುದು. ಅಯ್ಯೋ, ಇದು ನಮ್ಮ ಕೊಸರು! ಸಂತೆಯಲ್ಲಿ ನಮ್ಮಮ್ಮ ಚೌಕಾಸಿ ಎಲ್ಲ ಮುಗಿದ ಮೇಲೂ "ಕೊಸರು ಹಾಕಪ್ಪಾ" ಅಂತ ಚೀಲ ಹಿಡಿದೇ ನಿಲ್ಲುತ್ತಿದ್ದರು, ನನಗೆ ನಾಚಿಕೆಯಾಗಿ ದೂರ ಹೋಗಿ ನಿಲ್ಲುತ್ತಿದ್ದೆ. ಮೂವತ್ತು ವರ್ಷದ ಮೇಲೆ ಆ ಮಾತು ನನ್ನ ಬಾಯಿಗೆ ಬಂದದ್ದು ಮೆಕ್ಸಿಕೊದವರ ಅಂಗಡಿಯಲ್ಲಿ. ಈಗ ನಮ್ಮ ತರಗತಿಯಲ್ಲಿ ಎರಡನೇ ಸಲ ತಿಂಡಿ ಕೇಳುವವರು "ಕೊಸರು" ಅಂತಲೇ ಕೇಳುತ್ತಾರೆ.

ಪಾತ್ರೆಗಳ ವಿಷಯ. ನಾನು ಎಸ್ಟೇಟ್ ಸೇಲ್, ಗ್ಯಾರೇಜ್ ಸೇಲ್‌ಗಳಿಗೆ ಹೋಗುವವಳು ಅಂತ ನಮ್ಮ ಮನೆಯವರಿಗೆ ಸ್ವಲ್ಪ ಸಂಕೋಚ. ಆದರೆ ಈ ಮಧ್ಯಪಶ್ಚಿಮದ ಹಳೆಯ ಅಡುಗೆಮನೆಗಳಲ್ಲಿ ನಮಗೆ ಬೇಕಾದದ್ದೆಲ್ಲ ಬೇರೆ ಹೆಸರಿನಲ್ಲಿ ಇದೆ. ಬಿಸ್ಕತ್ತು ಒತ್ತುವ ಅಲ್ಯೂಮಿನಿಯಂ ಒತ್ತು, ವಿಸ್ಕಾನ್ಸಿನ್‌ನ ಮ್ಯಾನಿಟೊವಾಕ್‌ನಲ್ಲಿ ಮಿರೊ ಕಂಪನಿ ಮಾಡುತ್ತಿದ್ದದ್ದು, ಅದರ ನಕ್ಷತ್ರದ ಬಿಲ್ಲೆ ಹಾಕಿದರೆ ಚಕ್ಕುಲಿ ಬರುತ್ತದೆ. ಹಿಟ್ಟು ಗಟ್ಟಿಯಾದರೆ ಮಾತ್ರ ಹಿಡಿ ಕಿತ್ತುಬರುತ್ತದೆ, ಅನುಭವದ ಮಾತು. ಒಂದು ಸೇಲ್‌ನಲ್ಲಿ ನನಗೆ ಎರಕದ ಕಬ್ಬಿಣದ, ಏಳು ಗುಳಿಯ ಕಾವಲಿ ಸಿಕ್ಕಿತು. ನೋಡಿದ ತಕ್ಷಣ ನಮ್ಮ ಪಡ್ಡಿನ ಹಂಚು! ಮಾರುತ್ತಿದ್ದ ಹಿರಿಯರು, ಇದು ಡೆನ್ಮಾರ್ಕಿನವರಾದ ತಮ್ಮ ತಾಯಿಯದು, ಎಬಲ್‌ಸ್ಕೀವರ್ ಅನ್ನುವ ಸಿಹಿ ಉಂಡೆ ಮಾಡುವುದು, ಹೆಣಿಗೆಯ ಕಡ್ಡಿಯಲ್ಲಿ ತಿರುವಿಹಾಕುತ್ತಿದ್ದರು ಅಂದರು. ನಮ್ಮಮ್ಮ ಕೊಡೆಯ ಕಡ್ಡಿಯಲ್ಲಿ ತಿರುವುತ್ತಿದ್ದರು ಅಂದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕುತ್ತೇವೆ ಅಂದಾಗ ಅವರು ಸ್ವಲ್ಪ ಗಾಬರಿಯಾದರು. 6 ಡಾಲರ್ ಕೊಟ್ಟು ತಂದೆ. ಈ ಸೇಲ್‌ಗಳಲ್ಲಿ ಕೊನೆಯ ದಿನ ಅರ್ಧ ಬೆಲೆ ಮಾಡುವುದುಂಟು. ನಾನು ಹಾಗೆ ಕಾದು ಒಂದು ಒಳ್ಳೆಯ ದಪ್ಪ ತಳದ ಬಾಣಲೆ ಕಳೆದುಕೊಂಡಿದ್ದೇನೆ, ಬೇಕೇ ಬೇಕಾದದ್ದನ್ನು ಮೊದಲ ದಿನವೇ ತೆಗೆದುಕೊಂಡುಬಿಡಿ. ಹಳೆಯ ಬಣ್ಣ ಬಳಿದ ಬಟ್ಟಲುಗಳನ್ನು ಊಟಕ್ಕೆ ಬಳಸಬೇಡಿ, ಆ ಬಣ್ಣಗಳಲ್ಲಿ ಸೀಸ ಇರಬಹುದು. ಹುಣಸೆಹುಳಿಯನ್ನು ಬರೀ ಅಲ್ಯೂಮಿನಿಯಂನಲ್ಲಿ ಕುದಿಸಬೇಡಿ.

ಆ ಕಾವಲಿಗೆ ತುಕ್ಕು ಹಿಡಿದಿತ್ತು. ಮಕ್ಕಳು ಉಪ್ಪು ಹಾಕಿ ಉಜ್ಜಿ, ತೊಳೆದು, ಒರೆಸಿ, ತೆಳ್ಳಗೆ ಎಣ್ಣೆ ಸವರಿ 450 ಡಿಗ್ರಿಯ ಓವನ್ನಿನಲ್ಲಿ ಒಂದು ಗಂಟೆ ಇಟ್ಟರು, ಮೂರು ಸಲ. "ಇದಕ್ಕೆ ಕಾವಲಿ ಪಳಗಿಸೋದು ಅಂತಾರೆ" ಅಂದೆ. "ಆನೆ ಪಳಗಿಸೋ ತರಹಾನಾ?" ಹೌದು, ಅದೇ. ಮೊದಲ ಸರದಿಯ ಪಡ್ಡು ಒಂದೂ ಏಳಲಿಲ್ಲ, ಆನೆ ಪಳಗಿರಲಿಲ್ಲ. ಮೂರನೆಯದಕ್ಕೆ ಸರಿಹೋಯಿತು. ಅವತ್ತು ತರಗತಿಯಲ್ಲಿ ದೊಡ್ಡ ಜಗಳವೇ ಆಯಿತು, ದಾವಣಗೆರೆಯವರ ಮಗ ಪಡ್ಡು ಅಂದ, ಮಂಗಳೂರಿನವರ ಮಗಳು ಗುಳಿಯಪ್ಪ ಅಂದಳು, ಬೆಳಗಾವಿಯವರು ಅಪ್ಪೆ ಅಂದರು. ಪ್ರತಿಯೊಬ್ಬರಿಗೂ ತಮ್ಮ ಮನೆಯದೇ ಸರಿ. ಕನ್ನಡಕ್ಕಾಗಿ ನಮ್ಮ ಮಕ್ಕಳು ಜಗಳ ಆಡಿದ್ದನ್ನು ನಾನು ಅಲ್ಲೇ ನೋಡಿದ್ದು, ಬಿಡಿಸಲು ಹೋಗಲಿಲ್ಲ.

ಕೊನೆಯದಾಗಿ ಕೋಡುಬಳೆ. ಇದು ನಮ್ಮ ಮನೆಯ ಮಾತು, ಮಗಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ನಮ್ಮಮ್ಮ ತಿಪಟೂರಿನಲ್ಲಿದ್ದಾರೆ. ಪ್ರತಿ ಭಾನುವಾರ ಫೋನು. ಮಗಳ ಸರದಿ ಬಂದಾಗ "ಅಜ್ಜಿ, ಚೆನ್ನಾಗಿದ್ದೀರಾ? ಊಟ ಆಯ್ತಾ?" ಆ ಕಡೆಯಿಂದ "ಆಯ್ತು ಪುಟ್ಟಾ, ಚೆನ್ನಾಗಿ ಓದ್ತಿದೀಯಾ ಕಂದಾ?" ಅಲ್ಲಿಗೆ ಮುಗಿಯಿತು. ಒಂದು ನಿಮಿಷವೂ ಇಲ್ಲ. ಅಜ್ಜಿ ಅವಳನ್ನು ನೆಂಟರ ಮನೆಯ ಮಗುವಿನ ಹಾಗೆ ಮುದ್ದಾಗಿ ಮಾತಾಡಿಸುತ್ತಿದ್ದರು. ಇವಳೂ ಹಾಗೇ, ಮರ್ಯಾದೆಯಾಗಿ. ಹತ್ತು ವರ್ಷ ಹೀಗೇ ನಡೆಯಿತು.

ಕಳೆದ ಡಿಸೆಂಬರ್‌ನಲ್ಲಿ ತಿಂಗಳ ತಿಂಡಿಗೆ ಕೋಡುಬಳೆ ಒಪ್ಪಿಕೊಂಡು ಬಂದಳು. ಅಕ್ಕಿ ಹಿಟ್ಟು, ಚಿರೋಟಿ ರವೆ, ಸ್ವಲ್ಪ ಮೈದಾ, ಹುರಿಗಡಲೆ ಪುಡಿ, ಕಾಯಿ ಮೆಣಸಿನಕಾಯಿ ರುಬ್ಬಿದ್ದು, ಇಂಗು, ಕಾಯಿಸಿದ ಎಣ್ಣೆ. ಎಲ್ಲ ಸರಿಯಾಗಿ ಅಳೆದೇ ಹಾಕಿದಳು. ಹೊಸೆದು ಬಳೆ ಮಾಡಲು ಹೋದರೆ ಬಿರುಕು, ಎಣ್ಣೆಗೆ ಬಿಟ್ಟರೆ ಎರಡು ತುಂಡು. ನನಗೂ ಗೊತ್ತಾಗಲಿಲ್ಲ, ನಾನು ಕೋಡುಬಳೆ ಕೊಂಡು ತರುವವಳು. ಶನಿವಾರ ರಾತ್ರಿ ಒಂಬತ್ತು, ಊರಿನಲ್ಲಿ ಭಾನುವಾರ ಬೆಳಿಗ್ಗೆ. ಹಿಟ್ಟಿನ ಕೈಯಲ್ಲೇ ಫೋನ್ ತೆಗೆದು ವಿಡಿಯೊ ಹಾಕಿ ನೇರವಾಗಿ "ಅಜ್ಜಿ, ಕೋಡುಬಳೆ ಯಾಕೆ ಒಡೀತಿದೆ?" ಅಂದಳು. ಚೆನ್ನಾಗಿದ್ದೀರಾ ಇಲ್ಲ, ಊಟ ಇಲ್ಲ.

ಅಜ್ಜಿ ಕನ್ನಡಕ ಹಾಕಿಕೊಂಡರು. "ಎಲ್ಲಿ, ಹಿಟ್ಟು ತೋರ್ಸು. ಕಲಸಿ ಎಷ್ಟು ಹೊತ್ತು ಬಿಟ್ಟೆ? ರವೆ ನೆನೀಬೇಡ್ವೇನೆ? ಮೇಲೆ ಒದ್ದೆ ಬಟ್ಟೆ ಎಲ್ಲೇ? ಹಿಂಗೆ ಬಾಯಿ ತೆಗೆದಿಟ್ರೆ ಒಣಗ್ದೆ ಇನ್ನೇನಾಗತ್ತೆ, ಅಷ್ಟೂ ಗೊತ್ತಾಗಲ್ವಾ ನಿಂಗೆ?" ಮಗಳು ನನ್ನ ಮುಖ ನೋಡಿದಳು. ಅವಳನ್ನು ಅಜ್ಜಿ ಬೈದದ್ದು ಅದೇ ಮೊದಲು. ಅವಳೂ ಬಿಡಲಿಲ್ಲ. "ಅಜ್ಜಿ, ಇಲ್ಲಿ ವಿಂಟರ್, ಮನೆ ಒಳಗೆ ಹೀಟರ್ ಬಿಸಿ ಗಾಳಿ ಬಿಡುತ್ತೆ, ನಮ್ಮ ಕೈ ತುಟಿ ಎಲ್ಲ ಒಡೆಯುತ್ತೆ, ಹಿಟ್ಟು ಬೇಗ ಒಣಗುತ್ತೆ, ನಿಮ್ಮೂರು ತರಹ ಅಲ್ಲ" ಅಂತ ವಾದ ಮಾಡಿದಳು. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ಓ, ಹಂಗಾ? ಹಂಗಾದ್ರೆ ಒಂದೊಂದು ಹಿಡಿ ಮಾತ್ರ ತೆಗ್ದು ನಾದ್ಕೋ, ಮಿಕ್ಕಿದ್ದು ಮುಚ್ಚಿಡು. ನೀರು ಚಿಮುಕಿಸ್ಕೋ" ಅಂದರು. ಅದನ್ನು ಅವರೇ ಅವತ್ತು ಹೊಸದಾಗಿ ಯೋಚಿಸಿ ಹೇಳಿದ್ದು. ಮುಕ್ಕಾಲು ಗಂಟೆ ಫೋನು ಸಕ್ಕರೆ ಡಬ್ಬಿಗೆ ಒರಗಿಕೊಂಡು ನಿಂತಿತ್ತು. ಒಂದೊಂದೇ ಕೋಡುಬಳೆ ಎತ್ತಿ ತೋರಿಸುತ್ತಿದ್ದಳು, ಆ ಕಡೆಯಿಂದ "ಇನ್ನೂ ಕೆಂಪಗಾಗ್ಲಿ", "ಉರಿ ಸಣ್ಣಗೆ ಮಾಡು", "ಹಾಂ, ಇದು ಕೋಡುಬಳೆ". ನಾನು ಪಕ್ಕದಲ್ಲಿ ನಿಂತು ಬಾಯಿ ಬಿಡಲಿಲ್ಲ, ಅಪ್ಪಂದಿರಿಗೆ ಮಾಡಿದ ನಿಯಮ ನನಗೂ.

ಈಗ ಇಬ್ಬರಿಗೂ ಜಗಳವಾಗುತ್ತದೆ. ಹೋದ ತಿಂಗಳು "ನಿನ್ನ ಮಗಳಿಗೆ ಬಾಯಿ ಜಾಸ್ತಿ" ಅಂತ ಅಮ್ಮ ನನ್ನ ಹತ್ತಿರ ದೂರು ಹೇಳಿದರು. ಕೇಳಿ ನನಗಾದ ಸಂತೋಷ ಹೇಳುವ ಹಾಗಿಲ್ಲ.

ಇದೆಲ್ಲ ಆಗಿ ನಮ್ಮ ಮಕ್ಕಳ ಕನ್ನಡ ಏಕದಂ ಸುಧಾರಿಸಿತು ಅಂತ ನಾನು ಹೇಳುವುದಿಲ್ಲ. ಒತ್ತಕ್ಷರ ಈಗಲೂ ತಪ್ಪುತ್ತಾರೆ, ಟೀಚರ್‌ಗಳಿಗೆ ಗೊತ್ತು. ಪಟ್ಟಿಯಲ್ಲಿ ಒಮ್ಮೆ "ಕಡಲೆ ಬೆಳೆ" ಅಂತ ಬರೆದಿದ್ದರು, ನಾನು ಹೊಲ ಎಲ್ಲಿದೆ ಅಂತ ಕೇಳಿದೆ. ಮಿಕ್ಕ ಮೂರು ಭಾನುವಾರ ಈಗಲೂ ಒಮ್ಮೊಮ್ಮೆ ಪಿಜ್ಜಾ ಬರುತ್ತದೆ. ಬರಲಿ. ಒಂದು ತಿಂಗಳು ಅವಲಕ್ಕಿಗೆ ಉಪ್ಪು ಎರಡು ಸಲ ಬಿದ್ದು ಯಾರೂ ತಿನ್ನಲಾಗದೆ, ಅದೇ ಪಿಜ್ಜಾದಂಗಡಿಗೆ ಫೋನ್ ಮಾಡಿದ್ದೂ ಉಂಟು.

ಮುಂದಿನ ವರ್ಷದ ಪಟ್ಟಿ ಬಾಗಿಲ ಹತ್ತಿರ ಅಂಟಿಸಿದ್ದೇನೆ. ಒಂಬತ್ತು ಸಾಲು. ನಿನ್ನೆ ರಾತ್ರಿಯವರೆಗೆ ಐದು ತುಂಬಿವೆ, ಅದರಲ್ಲಿ ಎರಡು ಅಪ್ಪಂದಿರ ಹೆಸರು, ಒಂದು ನಮ್ಮ ಓವನ್ ದೀಪದವರದು. ನಾಲ್ಕು ಖಾಲಿ ಇವೆ, ಪೆನ್ನು ಅಲ್ಲೇ ದಾರದಲ್ಲಿ ಕಟ್ಟಿದ್ದೇನೆ. ಪಡ್ಡಿನ ಕಾವಲಿಯನ್ನು ಶಾಲೆಗೇ ಬಿಟ್ಟು ಹೋಗುತ್ತಿದ್ದೇನೆ. ಸೋಪು ಹಾಕಿ ನೆನೆಹಾಕಬೇಡಿ, ತೊಳೆದ ತಕ್ಷಣ ಒರೆಸಿ ಎಣ್ಣೆ ಸವರಿಡಿ.

ಹೊರಗೆ ಮೇಜಿನ ಮೇಲೆ ಕೋಸಂಬರಿ ಇದೆ, ಪದವಿ ಪಡೆಯುವ ಮಕ್ಕಳೇ ಮಾಡಿದ್ದು. ನಾನು ಮಾತಾಡಲು ಎದ್ದಾಗ ಉಪ್ಪು, ನಿಂಬೆರಸ ಹಾಕಿ ಕಲಸಿ ಅಂತ ಹೇಳಿ ಬಂದಿದ್ದೆ. ಹತ್ತು ನಿಮಿಷ ಅಂದವಳು ಜಾಸ್ತಿಯೇ ಮಾತಾಡಿದೆ. ಸೌತೆಕಾಯಿ ನೀರು ಬಿಡುತ್ತಿರುತ್ತದೆ, ಬೇಗ ಬನ್ನಿ.